ತಮ್ಮದು ಯಾವೂರಾಯ್ತು?

ಬಸ್ಸು ಹತ್ತಿ, ಕಿಟಕಿ ಪಕ್ಕದ ಸೀಟು ಹಿಡಿದು, ವೈರು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗಿನಿಂದ ಹಣೆಯ ಬೆವರೊರೆಸಿಕೊಂಡು ಇನ್ನೇನು ಹೊರಗೆ ನೋಡಬೇಕು ಎನ್ನುವಷ್ಟರಲ್ಲಿ ಪಕ್ಕದ ಸೀಟಿನ ಹೆಂಗಸು ನನ್ನ ಬುಟ್ಟಿಯೊಳಗಿನ ನುಗ್ಗೆಕಾಯನ್ನೂ ನನ್ನ ಮುಖವನ್ನೂ ಒಂದೇ ನೋಟದಲ್ಲಿ ಅಳೆದು ಮುಗಿಸಿ ಕೇಳುತ್ತಾಳೆ: "ಯಾವೂರಾಯ್ತು?" ಹುಣಸೂರಿನಿಂದ ಎಚ್.ಡಿ. ಕೋಟೆಗೆ ಹೋಗಿ, ಪಿರಿಯಾಪಟ್ಟಣಕ್ಕೆ ಹೋಗಿ, ಕೆ.ಆರ್. ನಗರಕ್ಕೆ ಹೋಗಿ, ನಮ್ಮ ಈ ನಾಲ್ಕು ತಾಲ್ಲೂಕುಗಳ ಯಾವ ಬಸ್ಸಿನಲ್ಲಾದರೂ ಕೂರಿ, ಈ ಪ್ರಶ್ನೆಯಿಂದ ನೀವು ತಪ್ಪಿಸಿಕೊಳ್ಳಲಾರಿರಿ. ಉತ್ತರ ಹೇಳದೆ ಮೊಬೈಲು ನೋಡುತ್ತ ಕೂತಿರೋ, ಇಳಿಯುವ ಹೊತ್ತಿಗೆ ಇಡೀ ಬಸ್ಸು ನಿಮ್ಮನ್ನು ಜಂಬದವರೆಂದು ತೀರ್ಮಾನಿಸಿರುತ್ತದೆ.

ನಾನು ಮೊನ್ನೆ ಮೊನ್ನೆಯವರೆಗೆ ಹೈಸ್ಕೂಲಿನ ಮಕ್ಕಳಿಗೆ ಕನ್ನಡ ವ್ಯಾಕರಣ ಕಲಿಸಿದವಳು. ಕಾಲಗಳು ಮೂರು ಎಂದು ಕಪ್ಪು ಹಲಗೆಯ ಮೇಲೆ ಬರೆದೂ ಬರೆದೂ ಬೆರಳು ಸವೆಸಿಕೊಂಡವಳು. ಆದರೆ ಈ 'ಆಯ್ತು' ಯಾವ ಕಾಲದ್ದು ಎಂದು ಯಾವ ತುಂಟ ಹುಡುಗನೂ ನನ್ನನ್ನು ಕೇಳಲಿಲ್ಲ, ನನ್ನ ಪುಣ್ಯ. ಊಟ ಆಗುತ್ತದೆ, ಸ್ನಾನ ಆಗುತ್ತದೆ, ಮದುವೆ ಆಗುತ್ತದೆ, ಸರಿ. ಊರು ಹೇಗೆ ಆಗುತ್ತದೆ? ಪುಸ್ತಕದ ಕನ್ನಡದಲ್ಲಿ ಊರು ಸುಮ್ಮನೆ ಇರುವ ವಸ್ತು, 'ನಿಮ್ಮ ಊರು ಯಾವುದು' ಎಂದರೆ ಮುಗಿಯಿತು. ನಮ್ಮ ಕಡೆಯ ಮಾತಿನಲ್ಲಿ ಅದೊಂದು ನಡೆದ ಸಂಗತಿ. ಹಾಲು ಮೊಸರಾದಂತೆ, ಕಾಯಿ ಹಣ್ಣಾದಂತೆ, ಯಾವುದೋ ಒಂದು ಜಾಗ ಸದ್ದಿಲ್ಲದೆ ಒಬ್ಬ ಮನುಷ್ಯನ ಊರಾಗಿಬಿಟ್ಟಿದೆ, ಅದು ಯಾವುದು ಹೇಳಿ ಎಂದು ಈ ನುಗ್ಗೆಕಾಯಿ ನೋಡುವ ಹೆಂಗಸು ಕೇಳುತ್ತಿದ್ದಾಳೆ. ತತ್ತ್ವಶಾಸ್ತ್ರ ಓದಿದವರು ಇಷ್ಟು ಚೊಕ್ಕವಾಗಿ ಕೇಳಲಾರರು ಎಂದು ನನ್ನ ಹೆಮ್ಮೆ. ನಮ್ಮ ಭಾಷೆಯ ವಿಷಯದಲ್ಲಿ ನನಗೆ ಜಂಬ ಜಾಸ್ತಿ, ಸಹಿಸಿಕೊಳ್ಳಿ.

ಬೆಂಗಳೂರಿನವರು ಈ ಪ್ರಶ್ನೆ ಕೇಳುವುದಿಲ್ಲ. ಅಲ್ಲಿ ಕೇಳುವುದು 'ಎಲ್ಲಿರೋದು?' ಅಂತ. ಉತ್ತರವಾಗಿ ಒಂದು ಮೇನು, ಒಂದು ಕ್ರಾಸು, ಒಂದು ಬೇಕರಿಯ ಗುರುತು ಸಿಗುತ್ತದೆ, ಆಮೇಲೆ ಅಲ್ಲಿಂದ ಇಲ್ಲಿಗೆ ಎಷ್ಟು ಹೊತ್ತು ಹಿಡಿಯಿತು ಎಂಬ ಕಥೆ ಸಿಗುತ್ತದೆ. ಇರುವುದು ಬೇರೆ, ಆಗುವುದು ಬೇರೆ ಎಂಬುದು ಆ ಮಹಾನಗರಕ್ಕೂ ಗೊತ್ತು. ಇಲ್ಲದಿದ್ದರೆ ಹಬ್ಬ ಬಂತೆಂದರೆ ಸಾಕು, ವರ್ಷಗಟ್ಟಲೆ ಅಲ್ಲಿಯೇ ಬಾಡಿಗೆ ಕಟ್ಟಿಕೊಂಡು ಬಾಳಿದವರೆಲ್ಲ ಚೀಲ ಕಟ್ಟಿ ಬಸ್ ನಿಲ್ದಾಣದಲ್ಲಿ ನಿಂತು 'ಊರಿಗೆ ಹೋಗ್ತಿದ್ದೀವಿ' ಎನ್ನುತ್ತಾರೆಯೇ? ಅಷ್ಟು ದೊಡ್ಡ ಊರಿನ ನಟ್ಟನಡುವೆ ನಿಂತು ಊರಿಗೆ ಹೋಗುವ ಮಾತಾಡಿದರೂ ಬೆಂಗಳೂರು ಬೇಸರ ಮಾಡಿಕೊಳ್ಳುವುದಿಲ್ಲ, ಅದು ಅದರ ದೊಡ್ಡತನ. ಮೈಸೂರಿನ ಸ್ವಭಾವವೇ ಬೇರೆ. ಮೈಸೂರಿನವರು ನಿಮ್ಮನ್ನು ಏನೂ ಕೇಳುವುದಿಲ್ಲ. ನೀವು ಮೈಸೂರಿನವರಲ್ಲವೆಂದು ಅವರಿಗೆ ನೋಡಿದ ಕೂಡಲೇ ಗೊತ್ತಾಗಿರುತ್ತದೆ, ಪಾಪ ಎಂದು ದಾರಿ ತೋರಿಸುತ್ತಾರೆ.

ಈ ಎರಡು ನಗರಗಳ ಪೈಕಿ ಬಾಳುವುದಕ್ಕೆ ಯಾವುದು ಮೇಲು ಎಂಬ ಜಗಳದಲ್ಲಿ ಒಂದು ಮದುವೆಯೇ ಮುರಿದು ಬೀಳುವುದರಲ್ಲಿತ್ತು. ಅದೂ ಆ ಎರಡೂ ನಗರಗಳಲ್ಲಿ ಅಲ್ಲ, ಹುಣಸೂರಿನ ನಮ್ಮ ಮನೆಯ ನಡುಮನೆಯಲ್ಲಿ. ಜಗಳವಾಡಿದವರು ಯಾರೂ ಆ ನಗರಗಳಲ್ಲಿ ಬಾಳಿದವರಲ್ಲ ಎಂಬುದು ಇದರ ಸೊಗಸು.

ಮೊದಲು ನನ್ನ ಪರಿಚಯ ಹೇಳಿಕೊಳ್ಳಬೇಕು. ನಾನು ಹುಟ್ಟಿದ್ದು ಕೋಟೆ ತಾಲ್ಲೂಕಿನ ಹಂಪಾಪುರ. ಮದುವೆಯಾಗಿ ಬಂದದ್ದು ಹುಣಸೂರು. ಮದುವೆಯಾದ ಹೊಸತರಲ್ಲಿ ನಾನೂ ನಮ್ಮ ಅತ್ತೆಯೂ ಬಸ್ಸಿನಲ್ಲಿ ಹೋಗುತ್ತಿದ್ದಾಗ ಯಾರೋ ಇದೇ ಪ್ರಶ್ನೆ ಕೇಳಿದರು. ನಾನು "ಹಂಪಾಪುರ" ಎಂದೆ. ನಮ್ಮತ್ತೆ ಮೆಲ್ಲಗೆ ನನ್ನ ಮೊಣಕೈ ಮುಟ್ಟಿ, "ಅದು ತವರು ಕಣವ್ವ, ಊರು ಅಲ್ಲ. ಉಣ್ಸೂರು ಅನ್ನು," ಎಂದು ತಿದ್ದಿದರು. ಕೋಪದಿಂದೇನೂ ಅಲ್ಲ, ಕಾಗುಣಿತ ತಿದ್ದುವಷ್ಟು ಸಹಜವಾಗಿ. ನಾನು ಹುಣಸೂರು ಎಂದೆ. ಬಾಯಿಗೆ ಆಗ ಅದು ಉಪ್ಪಿಲ್ಲದ ಸಾರಿನಂತಿತ್ತು. ಗಂಡಸರಿಗೆ ಈ 'ಆಯ್ತು' ಬರೀ ಮಾತಿನ ಬಾಲ. ಹುಟ್ಟಿದ್ದೇ ಊರು, ಆದದ್ದೂ ಅದೇ. ಹೆಣ್ಣಿಗೆ ಮಾತ್ರ ಅದು ನಿಜವಾದ ಕ್ರಿಯಾಪದ, ಕರ್ತೃ ಮಾತ್ರ ಬೇರೆಯವರು.

ಹುಣಸೂರು ನನಗೆ ಯಾವಾಗ ಊರಾಯಿತೋ ಹೇಳಲಾರೆ, ಆಗಿದೆ ಎಂದು ತಿಳಿದ ಗಳಿಗೆ ಮಾತ್ರ ನೆನಪಿದೆ. ಮೈಸೂರಿನ ಮಾರುಕಟ್ಟೆಯಲ್ಲಿ ಹೂವು ಕೊಳ್ಳುತ್ತಿದ್ದಾಗ ಪಕ್ಕದ ಹೆಂಗಸೊಬ್ಬರು ಯಾರಿಗೋ, "ಹುಣಸೂರಾ? ಅಯ್ಯೋ, ಕೊಡಗಿಗೆ ಹೋಗ್ತಾ ದಾರೀಲಿ ಸಿಗುತ್ತಲ್ಲ, ಅದೇ ತಾನೆ?" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ದಾರಿಯಲ್ಲಿ ಸಿಗುವುದಂತೆ! ಲಕ್ಷ್ಮಣತೀರ್ಥದ ದಂಡೆಯ ಊರು ಇವರಿಗೆ ಕಾಫಿಗೆ ಇಳಿಯುವ ಜಾಗ! ಪರಿಚಯವಿಲ್ಲದ ಆ ಹೆಂಗಸಿಗೆ ನಮ್ಮೂರಿನ ಮರದ ಕೆಲಸದವರ ಬಗ್ಗೆ, ನಮ್ಮೂರಿನ ಶಾಲೆಯ ಬಗ್ಗೆ ದೊಡ್ಡ ಪಾಠವನ್ನೇ ಮಾಡಿದೆ. ಹೂವಿನವನು ಮೊಳ ಹಾಕುವುದನ್ನು ನಿಲ್ಲಿಸಿ ಕೇಳಿದ. ಒಂದು ಊರನ್ನು ಯಾರಾದರೂ ಹಳಿದಾಗ ನಿಮಗೆ ಸಿಟ್ಟು ಬಂತೆನ್ನಿ, ಅದು ನಿಮ್ಮ ಊರಾಗಿದೆ ಎಂದು ಆವತ್ತಿನಿಂದ ನಾನು ನಂಬಿದ್ದೇನೆ.

ಈಗ ಮದುವೆಯ ವಿಷಯ. ಹಂಪಾಪುರದ ನನ್ನ ಅಣ್ಣನ ಮಗಳು ಸೌಮ್ಯ. ಹೊಲಿಗೆ ಕಲಿಯುತ್ತೇನೆಂದು ಮೈಸೂರಿಗೆ ಹೋದವಳು ಒಂಟಿಕೊಪ್ಪಲಿನಲ್ಲಿ ಬಾಡಿಗೆಗೆ ಪುಟ್ಟ ಅಂಗಡಿ ಹಿಡಿದು, ರವಿಕೆ ಹೊಲಿದು, ಜರಿ ಕೆಲಸ ಮಾಡಿ, ಈಗ ಇನ್ನೂ ಮೂವರು ಹೆಂಗಸರಿಗೆ ಕೆಲಸ ಕೊಟ್ಟಿದ್ದಾಳೆ. ಲಗ್ನದ ಕಾಲದಲ್ಲಿ ಅವಳ ಅಂಗಡಿಯ ಮುಂದೆ ಮದುವಣಗಿತ್ತಿಯರ ತಾಯಂದಿರು ಕಾದು ನಿಂತಿರುತ್ತಾರೆ. ನನ್ನ ಪರಿಚಯದಿಂದಲೇ ಬಂದ ಸಂಬಂಧ, ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರದ ಪ್ರಸಾದನದು. ಅವನು ಬೆಂಗಳೂರಿನಲ್ಲಿ ಮೆಟ್ರೊ ರೈಲು ಓಡಿಸುತ್ತಾನೆ. ತಂದೆಯಿಲ್ಲದ ಹುಡುಗ, ದೊಡ್ಡಪ್ಪ ಪುಟ್ಟಸ್ವಾಮಪ್ಪನವರು ಓದಿಸಿ ಬೆಳೆಸಿದವರು. ಹುಡುಗ ಹುಡುಗಿ ನೋಡಿ ಮಾತಾಡಿ ಒಪ್ಪಿದ್ದರು, ಜಾತಕವೂ ಕೂಡಿತ್ತು. ಕೂಡದೆ ಉಳಿದದ್ದು ಊರುಗಳು. ಅವಳು ಅಂಗಡಿ ಬಿಟ್ಟು ಹೋಗುವಂತಿಲ್ಲ, ಅವನ ರೈಲು ಬೆಂಗಳೂರು ಬಿಟ್ಟು ಬರುವಂತಿಲ್ಲ. ಕೋಟೆ ಕಡೆಯವರಿಗೂ ಕೆ.ಆರ್. ನಗರದ ಕಡೆಯವರಿಗೂ ಹುಣಸೂರು ನಡುವೆ ಬೀಳುತ್ತದೆಂದು, ಅವರೆಕಾಯಿ ಆಗಷ್ಟೇ ಬರತೊಡಗಿದ್ದ ಒಂದು ಭಾನುವಾರ ಎಲ್ಲರೂ ನಮ್ಮ ಮನೆಯಲ್ಲಿ ಸೇರಿ ಇತ್ಯರ್ಥ ಮಾಡಿಕೊಳ್ಳುವುದೆಂದಾಯಿತು. ಒಪ್ಪಿದರೆ ಅವತ್ತೇ ತಾಂಬೂಲ, ಒಪ್ಪದಿದ್ದರೆ ಅವರವರ ದಾರಿ ಅವರವರಿಗೆ. ಸೌಮ್ಯ ಆ ಹುಡುಗನನ್ನು ಎಷ್ಟು ಮೆಚ್ಚಿದ್ದಾಳೆಂದು ನನಗೊಬ್ಬಳಿಗೇ ಗೊತ್ತಿತ್ತು, ಹಾಗಾಗಿ ಉಪ್ಪಿಟ್ಟು ಮಾಡುವಾಗ ಎರಡೆರಡು ಸಲ ಉಪ್ಪು ನೋಡಿದೆ.

ಉಪ್ಪಿಟ್ಟಿನ ತಟ್ಟೆ ಖಾಲಿಯಾಗುವ ತನಕ ಎಲ್ಲವೂ ಸುಖವಾಗಿತ್ತು. ಪುಟ್ಟಸ್ವಾಮಪ್ಪನವರು ಬಾಯೊರೆಸಿಕೊಂಡು ಶುರು ಮಾಡಿದರು. "ಬೆಂಗ್ಳೂರು ಅಂದ್ರೆ ಏನು ಕಮ್ಮಿನಾ ಸ್ವಾಮಿ? ಎಂಗಾರ ಬದುಕ್ಕಬೈದು. ದುಡಿಯೋ ಕೈಯಿಗೆ ಅಲ್ಲಿ ಇಲ್ಲ ಅನ್ನಂಗೇ ಇಲ್ಲ. ನಿಮ್ಮ ಮೈಸೂರಲ್ಲಿ ಏನದೆ ಏಳಿ? ದಸರಾ ಮುಗುದ್ರೆ ಊರೇ ಮಲಿಕತದೆ."

ನನ್ನ ಅಣ್ಣ ಸಾಮಾನ್ಯಕ್ಕೆ ಮಾತಾಡುವವನಲ್ಲ. ಆದರೆ ಮೈಸೂರಿನ ಸುದ್ದಿಗೆ ಬಂದರೆ ಬಿಡುವವನೂ ಅಲ್ಲ. "ಮಲಗಾಕಾದ್ರೂ ಜಾಗ ಅದಲ್ಲ ಬುಡಿ. ನಿಮ್ಮ ಬೆಂಗ್ಳೂರ್ನೋರು ಬಸ್ಸಲ್ಲಿ ಕಂಬಿ ಇಡ್ಕಂಡು ನಿಂತ್ಕಂಡೇ ಮಲಗ್ತಾರೆ. ಮೈಸೂರಲ್ಲಿ ಬೆಳಿಗ್ಗೆ ಎದ್ದು ಬಾಗ್ಲು ತೆಗುದ್ರೆ ಬೆಟ್ಟ ಕಾಣ್ತದೆ ಕಣ್ರೀ. ನಿಮ್ಮಲ್ಲಿ ಬಾಗ್ಲು ತೆಗುದ್ರೆ ಏನ್ ಕಾಣ್ತದೆ?"

"ಎದುರುಮನೆ ಬಾಗ್ಲು," ಎಂದ ಪ್ರಸಾದ, ಯಾರೂ ಕೇಳದಿದ್ದರೂ. ಸೌಮ್ಯ ತುಟಿ ಕಚ್ಚಿ ನಗು ತಡೆದಳು. ದೊಡ್ಡಪ್ಪ ಅವನತ್ತ ಕೆಂಗಣ್ಣು ಬಿಟ್ಟರು.

ಆಮೇಲೆ ನಡೆದದ್ದನ್ನೆಲ್ಲ ಬರೆಯಹೋದರೆ ಮುಗಿಯದು. ಒಬ್ಬರು ಆಸ್ಪತ್ರೆಗಳನ್ನು ಎತ್ತಿದರು, ಇನ್ನೊಬ್ಬರು ರಸ್ತೆಬದಿಯ ಮರಗಳನ್ನು. ಒಬ್ಬರಿಗೆ ಅಲ್ಲಿಯ ತಂಪು ಹವೆ, ಇನ್ನೊಬ್ಬರಿಗೆ ಇಲ್ಲಿಯ ನೆಮ್ಮದಿ. ಬಾಡಿಗೆ, ಸೊಳ್ಳೆ, ತರಕಾರಿ, ನೆರೆಹೊರೆ, ಯಾವುದನ್ನೂ ಬಿಡಲಿಲ್ಲ. ಕಡೆಗೆ ಕುಡಿಯುವ ನೀರಿನವರೆಗೂ ಬಂತು. ಬೆಂಗಳೂರು ಕುಡಿಯುವುದು ನಮ್ಮ ಕೆ.ಆರ್. ನಗರದ ಮೇಲೆ ಹರಿದು ಹೋಗುವ ಕಾವೇರಿಯನ್ನು ಎಂದು ಪುಟ್ಟಸ್ವಾಮಪ್ಪನವರು ಗುಡುಗಿದರೆ, ಮೈಸೂರಿಗೆ ನಮ್ಮ ಕೋಟೆಯ ಕಬಿನಿಯ ನೀರೂ ಹೋಗುತ್ತದೆ ತಿಳಕೊಳ್ಳಿ ಎಂದು ಅಣ್ಣ ತಿರುಗಿಸಿದ. ಬಾಗಿಲಲ್ಲಿ ಕಾಫಿಯ ತಟ್ಟೆ ಹಿಡಿದು ನಿಂತಿದ್ದ ನನಗೆ ಆಗ ನಗುವೂ ಬಂತು, ಎದೆಯೂ ಉಬ್ಬಿತು. ನೋಡಿ ಗೆಳೆಯರೇ, ಎರಡೂ ನಗರಗಳಿಗೆ ನೀರು ಕೊಟ್ಟವರು, ಅಕ್ಕಿ ಕೊಟ್ಟವರು, ಬಾಳೆಹಣ್ಣು, ಶುಂಠಿ, ತರಕಾರಿ, ಬಾಗಿಲು ಕಿಟಕಿ ಮಂಚ ಕಳಿಸಿದವರು ಕೂತು ಯಾವ ನಗರ ದೊಡ್ಡದು ಎಂದು ಜಗಳವಾಡುತ್ತಿದ್ದಾರೆ. ದೊಡ್ಡವರು ಯಾರು ಎಂದು ಆ ನಗರಗಳು ಎಂದಾದರೂ ಎದುರುಬದುರು ಕೂತು ಯೋಚಿಸಿದರೆ ನಮ್ಮ ನಾಲ್ಕು ತಾಲ್ಲೂಕುಗಳ ಹೆಸರು ಹೇಳದೆ ವಿಧಿಯಿಲ್ಲ. ನಾವು ಮಾತ್ರ ನಮ್ಮ ಮಕ್ಕಳು ಯಾವ ನಗರದಲ್ಲಿದ್ದಾರೋ ಅದರ ವಕೀಲರಾಗಿಬಿಡುತ್ತೇವೆ.

ಆದರೆ ಮಾತು ಬಿಸಿಯಾಗುತ್ತ ಹೋಯಿತು. "ಇದೆಲ್ಲ ಯಾಕೆ?" ಎಂದು ಪುಟ್ಟಸ್ವಾಮಪ್ಪನವರು ಕೊನೆಗೆ ತೊಡೆ ತಟ್ಟಿದರು. "ಎಣ್ಣು ಗಂಡಿನೂರಿಗೆ ಬರಬೇಕು. ಗಂಡಿನೂರು ಬೆಂಗ್ಳೂರಾಯ್ತು. ಅಂಗಡಿ ಅಲ್ಲೇ ಮಡಿಕಳ್ಳಲಿ, ಬೆಂಗ್ಳೂರಲ್ಲಿ ಎಂಗಸ್ರು ರವಿಕೆ ಆಕಳಲ್ವಾ?"

ಅಣ್ಣ ಬಾಯಿ ತೆರೆಯುವ ಮೊದಲೇ ಸೌಮ್ಯ ಮುಂದೆ ಬಂದು ಕೂತಳು. ಪುಟ್ಟಸ್ವಾಮಪ್ಪನವರನ್ನು ನೋಡಲಿಲ್ಲ, ಪ್ರಸಾದನನ್ನೇ ಕೇಳಿದಳು. "ಬೆಂಗ್ಳೂರಲ್ಲಿ ಯಾರಾದ್ರೂ ನಮ್ ಕಡೆಯೋರು ಸಿಕ್ಕಿ ಯಾವೂರಾಯ್ತು ಅಂದ್ರೆ ನೀವು ಏನಂತೀರಿ?"

ಪ್ರಸಾದ ಮುಚ್ಚುಮರೆಯಿಲ್ಲದೆ ಹೇಳಿದ. "ಹೊಸ ಅಗ್ರಹಾರ ಅಂತೀನಿ."

"ಬೆಂಗ್ಳೂರು ಅನ್ನಲ್ವಾ?"

"ಬಾಯಿಗೇ ಬರಲ್ಲ ಕಣ್ರೀ. ಸುಳ್ಳು ಯಾಕೆ ಹೇಳ್ಲಿ? ನಂಗೆ ಅನ್ನ ಕೊಟ್ಟಿದೆ, ಕೈ ಮುಗೀತೀನಿ. ಆದ್ರೆ ಯಾರಾದ್ರೂ ಬೆಂಗ್ಳೂರನ್ನ ಬೈದ್ರೆ ನಾನೂ ಜೊತೆಗೆ ಸೇರ್ಕೊಂಡು ಬೈತೀನಿ. ಅದಿನ್ನೂ ನನ್ನೂರಾಗಿಲ್ಲ." ಹೀಗೆಂದವನು ಅವಳನ್ನು ಕೇಳಿದ. "ನಿಮ್ದು ಯಾವೂರಾಯ್ತು?"

"ಮೈಸೂರು," ಎಂದಳು ಸೌಮ್ಯ. ಒಂದು ಕ್ಷಣವೂ ತಡೆಯಲಿಲ್ಲ.

ನಾನು ಅಣ್ಣನ ಮುಖ ನೋಡಿದೆ. ಬೆಳಗಿನಿಂದ ಮೈಸೂರಿಗಾಗಿ ಗಂಟಲು ಹರಿದುಕೊಂಡವನು ಅವನು, ಮಗಳ ಬಾಯಲ್ಲಿ ಮೈಸೂರು ಎಂಬ ಉತ್ತರ ಬಂದಾಗ ಕುಣಿಯಬೇಕಿತ್ತು. ಅವನ ಮುಖ ಸಣ್ಣದಾಯಿತು. ಹಂಪಾಪುರ ಎನ್ನುತ್ತಾಳೆಂದು ಅವನು ಕಾದಿದ್ದ. ಮಗಳು ಮೈಸೂರಿನಲ್ಲಿ ಇದ್ದಾಳೆಂಬುದು ಅವನಿಗೆ ಹೆಮ್ಮೆ, ಮೈಸೂರಿನವಳಾಗಿದ್ದಾಳೆ ಎಂಬುದು ಇವತ್ತೇ ಗೊತ್ತಾದದ್ದು. ಇನ್ನೂ ತಾಳಿ ಬಿದ್ದಿಲ್ಲ, ಹೆಣ್ಣು ಆಗಲೇ ತವರು ದಾಟಿಬಿಟ್ಟಿದ್ದಾಳೆ, ಅದೂ ಗಂಡನ ಕೈ ಹಿಡಿದಲ್ಲ. ನನಗೂ ಕಣ್ಣು ತುಂಬಿತು, ಆದರೆ ನನ್ನದು ಬೇರೆ ಕಾರಣಕ್ಕೆ. ನಮ್ಮ ಅಜ್ಜಿಗೆ ಊರು ಕೊಟ್ಟವರು ಅವಳ ಅಪ್ಪ, ಆಮೇಲೆ ಗಂಡ. ನಮ್ಮವ್ವನಿಗೂ ಹಾಗೆಯೇ. ನನಗೆ ಊರು ಹೇಳಿಕೊಟ್ಟವರು ನಮ್ಮತ್ತೆ. ಈ ಹುಡುಗಿ ಸೂಜಿ ದಾರ ಹಿಡಿದು ತನ್ನ ಊರನ್ನು ತಾನೇ ಹೊಲಿದುಕೊಂಡಿದ್ದಳು.

ಪ್ರಸಾದ ದೊಡ್ಡಪ್ಪನ ಕಡೆ ತಿರುಗಿದ. "ದೊಡ್ಡಪ್ಪ, ನಂಗೆ ಊರಾಗಿಲ್ಲ, ಇವ್ರಿಗೆ ಆಗಿದೆ. ಆಗದೆ ಇರೋನೇ ತಾನೆ ಹೋಗ್ಬೇಕಾದ್ದು? ಮನೆ ಮೈಸೂರಲ್ಲಿ ಮಾಡಣ. ಡ್ಯೂಟಿ ದಿನ ಈಗಿನಂಗೇ ಸ್ನೇಹಿತರ ಜೊತೆ ರೂಮಲ್ಲಿರ್ತೀನಿ. ರಜ ಬಂದ್ರೆ ಹೆಂಗೂ ರೈಲು ಹತ್ತಿ ಊರಿಗೆ ಬತ್ತಿದ್ನಲ್ಲ, ಆ ರೈಲು ಮೈಸೂರು ಮೇಲೇ ತಾನೆ ಬರೋದು? ಇನ್ಮೇಲೆ ಅಲ್ಲೇ ಇಳ್ಕತೀನಿ, ಅಷ್ಟೆ."

ಎಷ್ಟು ಸುಲಭದ ಮಾತು! ನಾವು ದೊಡ್ಡವರು ಎರಡು ನಗರಗಳನ್ನು ತಕ್ಕಡಿಗೆ ಹಾಕಿ ಎಳೆದಾಡುತ್ತಿದ್ದಾಗ ಈ ಹುಡುಗ ಅವುಗಳ ನಡುವೆ ಸುಮ್ಮನೆ ಓಡಾಡುವುದನ್ನು ಲೆಕ್ಕ ಹಾಕಿದ್ದ. ಗಂಡಹೆಂಡಿರು ದಿನವೂ ಒಟ್ಟಿಗಿರಲಾಗದು, ಅದು ನೋವೇ. ಸೌಮ್ಯ ಅದನ್ನು ತಿಳಿದೇ ತಲೆಯಾಡಿಸಿದಳು. ಬೆಂಗಳೂರು ದುಡಿಯುವುದಕ್ಕೆ ಮೇಲೋ, ಮೈಸೂರು ಬಾಳುವುದಕ್ಕೆ ಮೇಲೋ ಎಂದು ಪತ್ರಿಕೆಗಳು ಬರೆಯುತ್ತಲೇ ಇರುತ್ತವೆ. ರಸ್ತೆ, ಮರ, ಗಾಳಿ, ಎಲ್ಲಕ್ಕೂ ಅಂಕ ಕೊಡುತ್ತವೆ. ನನ್ನ ಹತ್ತಿರ ಅಳತೆಗೋಲು ಒಂದೇ. ಕೇಳಿದವರಿಗೆ ಯಾವ ನಗರದ ಹೆಸರು ತಡವರಿಸದೆ ನಿಮ್ಮ ಬಾಯಿಂದ ಬರುತ್ತದೋ ಅದು ನಿಮ್ಮ ಪಾಲಿಗೆ ಮೇಲು. ಬೆಂಗಳೂರು ಹಾಗೆ ಎಷ್ಟೋ ಜನಕ್ಕೆ ಆಗಿದೆ, ಅವರ ಹೆಮ್ಮೆಯೂ ನನ್ನ ಹೆಮ್ಮೆಯಷ್ಟೇ ಸಾಚಾ. ಪ್ರಸಾದನಿಗೆ ಆಗಿರಲಿಲ್ಲ, ಅಷ್ಟೆ.

ಪುಟ್ಟಸ್ವಾಮಪ್ಪನವರು ಮಾತ್ರ ಎದ್ದು ನಿಂತರು. ಹೆಗಲ ಮೇಲಿನ ಟವೆಲ್ಲನ್ನು ಕೊಡವಿದರು. "ಅಂದ್ರೆ ಏನು? ನಾನು ಸಾಕಿದ ಹುಡ್ಗ ಮನೆಅಳಿಯ ಆಗ್ಬೇಕಾ? ಗಂಡು ಓಗಿ ಎಣ್ಣಿನ ಅಪ್ಪನೂರಲ್ಲಿ ಇದ್ರೆ ನಾಳೆ ನಮ್ಮೂರಲ್ಲಿ ನಾನು ತಲೆ ಎತ್ಕಂಡು ತಿರುಗಾದು ಬ್ಯಾಡ್ವಾ? ಇದು ಆಗಾಕಿಲ್ಲ. ನಡಿಯೋ ಪ್ರಸಾದ."

ಪ್ರಸಾದ ಎದ್ದಿದ್ದ, ಹೆಜ್ಜೆ ಕಿತ್ತಿಡಲಿಲ್ಲ. ಸಾಕಿದ ದೊಡ್ಡಪ್ಪನ ಮಾತು ಮೀರುವ ಹುಡುಗ ಅವನಲ್ಲ, ಅದು ಸೌಮ್ಯಳಿಗೂ ಗೊತ್ತಿತ್ತು. ಅವಳು ಕೈಯಲ್ಲಿದ್ದ ಲೋಟವನ್ನು ನೋಡುತ್ತ ಕೂತಿದ್ದಳು. ಮದುವೆ ಮುರಿಯಿತೆಂದೇ ನಾನು ತಿಳಿದೆ.

ಆಗ ಅಣ್ಣ ಮಾತಾಡಿದ. ಬೆಳಗಿನ ಜೋರು ಅವನ ದನಿಯಲ್ಲಿ ಇರಲಿಲ್ಲ.

"ಕೂತ್ಕಳಿ ಸ್ವಾಮಿ. ಅಪ್ಪನೂರು ಅಂದ್ರಲ್ಲ, ನಮ್ಮೂರು ಅಂಪಾಪುರ ಕಣ್ರೀ. ಮೈಸೂರು ನನ್ನೂರಲ್ಲ. ಬೆಳಿಗ್ಗಿಂದ ನಂದು ನಂದು ಅಂತ ಬಡ್ಕಂಡೆ, ತಪ್ಪಾಯ್ತು. ಆ ಊರಲ್ಲಿ ನಂಗೆ ಒಂದು ಗೇಣು ಜಾಗ ಇಲ್ಲ, ನಾಕು ಜನ ಗುರ್ತಿಲ್ಲ. ಅದು ಅವ್ಳೂರು. ಅವ್ಳೇ ಮಾಡ್ಕಂಡಿದ್ದು, ನಾನು ಕೊಡ್ಸಿದ್ದಲ್ಲ. ನಿಮ್ಮುಡ್ಗ ಮಾವನ ಮನೆಗೆ ಬತ್ತಾ ಇಲ್ಲ, ಎಂಡ್ತಿ ಊರಿಗೆ ಬತ್ತಾವ್ನೆ. ಅಲ್ಲಿಗೆ ನೀವು ಬಂದ್ರೂ ನೆಂಟ್ರೇಯ, ನಾನು ಓದ್ರೂ ನೆಂಟನೇಯ."

ಹೆತ್ತ ಮಗಳ ಊರಿಗೆ ತಾನು ನೆಂಟನೆಂದು ಎಲ್ಲರೆದುರು ಒಪ್ಪಿಕೊಳ್ಳಲು ಹಂಪಾಪುರದ ಒಬ್ಬ ರೈತನಿಗೆ ಏನು ಬೆಲೆ ತೆರಬೇಕಾಯಿತೋ ನಾನು ಬಲ್ಲೆ. ಅವನ ಕೈ ಪಂಚೆಯ ಅಂಚನ್ನು ಮಡಿಸುತ್ತ ಬಿಚ್ಚುತ್ತ ಇತ್ತು. ಪುಟ್ಟಸ್ವಾಮಪ್ಪನವರೂ ಹುಡುಗನನ್ನು ಬೆಳೆಸಿ ಊರು ಬಿಡಿಸಿದವರೇ; ಬೆಂಗಳೂರಿಗೆ ಅವರು ಹೋದದ್ದೂ ಒಂದೆರಡು ಸಲ, ಅವನ ರೂಮಿನಲ್ಲಿ ಚಾಪೆಯ ಮೇಲೆ ಮಲಗಿ ಎದ್ದು ಬಂದದ್ದು. ಆ ಮಹಾನಗರದಲ್ಲಿ ಅವರೂ ನೆಂಟರೇ ಆಗಿದ್ದರು.

ಅವರು ಮೆಲ್ಲಗೆ ಕೂತರು. "ಅಂಗಾರೆ ಅಲ್ಲಿ ನಮ್ಮಿಬ್ರುಗೂ ನೆಂಟ್ರ ಮರ್ವಾದೆ ಸಿಗ್ತದೆ ಅನ್ನಿ," ಎಂದರು. ದನಿಯಲ್ಲಿ ಇನ್ನೂ ಸ್ವಲ್ಪ ಬಿಗುವಿತ್ತು, ಆದರೆ ಟವೆಲ್ಲು ಮಡಿಲಿಗೆ ಇಳಿದಿತ್ತು.

ಸೌಮ್ಯ ಎದ್ದಳು. ಮೊದಲು ಪುಟ್ಟಸ್ವಾಮಪ್ಪನವರ ಕಾಲು ಮುಟ್ಟಿದಳು, ಆಮೇಲೆ ತನ್ನ ಅಪ್ಪನದು. ಅಪ್ಪನ ಮುಂದೆ ಬಗ್ಗಿದವಳು ಮೇಲೇಳುತ್ತ, ನೆಂಟರನ್ನು ಕರೆಯುವ ಮನೆಯೊಡತಿಯ ದನಿಯಲ್ಲಿ, ಇಬ್ಬರಿಗೂ ಸೇರಿಸಿ ಹೇಳಿದಳು: "ಬನ್ನಿ, ನಮ್ಮೂರಿಗೆ ಬನ್ನಿ."

ಅಣ್ಣ "ಬತ್ತೀವಿ ಕಣವ್ವ" ಎಂದ. ಮಗಳ ಊರಿಗೆ ಅವನಿಗೆ ಅದು ಮೊದಲ ಆಮಂತ್ರಣ.